ಮೂರನೇ ವಾರದಿಂದ ಎಂಟನೇ ವಾರದವರೆಗೆ: ಮನೆಯಲ್ಲಿ ಲ್ಯಾಬ್ರಡಾರ್ ಮರಿ ಬೆಳೆಸುವ ಬಗೆ

ಕಾರವಾರದಲ್ಲಿರುವ ನಿಮ್ಮ ಮೂರು ವರ್ಷದ ಲ್ಯಾಬ್ರಡಾರ್‌ನಿಂದ ಒಂದು ಸೂಲು ಮರಿ ಮಾಡಿಸುವ ಆಸೆಯಿದೆ, ಮರಿಗಳು ಆರೋಗ್ಯವಾಗಿ, ಜನರಿಗೆ ಅಂಜದೆ ಬೆಳೆಯಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಶಿರಸಿ ಹತ್ತಿರದ ತೋಟದ ಮನೆಯಲ್ಲಿ ನಾನೂ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತೇನೆ.

ಮೊದಲು ತಂದೆ ತಾಯಿ ಇಬ್ಬರದೂ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ತೆಗೆಸಿ, ಕಣ್ಣು ತೋರಿಸಿ. ಈ ತಳಿಯಲ್ಲಿ ಕೀಲಿನ ತೊಂದರೆ ವಂಶದಲ್ಲೇ ಇಳಿದು ಬರುತ್ತದೆ. ಅಂಥ ಮರಿಯನ್ನು ಎಷ್ಟು ಚೆನ್ನಾಗಿ ಸಾಕಿದರೂ ಆ ದೋಷ ಪೂರ್ತಿ ಹೋಗುವುದಿಲ್ಲ. ಎರಡನೆಯದು ಕಾಲ. ಗಬ್ಬದ ಅವಧಿ ಸುಮಾರು 63 ದಿನ. ಆಗಸ್ಟ್ ಕೊನೆಗೆ ಬೆದೆಗೆ ಬಂದಾಗ ಕೂಡಿಸಿದರೆ ನವೆಂಬರ್ ಆರಂಭಕ್ಕೆ ಮರಿ ಹಾಕುತ್ತದೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಹಾಸು ಒಣಗುವುದಿಲ್ಲ, ಇಲಿಜ್ವರದ ಭಯ ಬೇರೆ. ಆದಷ್ಟೂ ಆ ತಿಂಗಳುಗಳನ್ನು ತಪ್ಪಿಸಿ.

ಮೊದಲ ಎರಡು ವಾರ ತಾಯಿಯೇ ಎಲ್ಲ ನೋಡಿಕೊಳ್ಳುತ್ತದೆ. ಮರಿಗಳಿಗೆ ಮೈ ಬಿಸಿ ಕಾಯ್ದುಕೊಳ್ಳಲು ಬಾರದ್ದರಿಂದ ಮೊದಲ ವಾರ ಗೂಡಿನಲ್ಲಿ 30 ಡಿಗ್ರಿಯಷ್ಟು ಬೆಚ್ಚಗಿರಲಿ. ಒಂದೊಂದರ ಕೊರಳಿಗೂ ಬೇರೆ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತು ದಿನದ ಹೊತ್ತಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗಿರಬೇಕು. ತೂಕ ಏರದ ಮರಿಯನ್ನು ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚಿ. ಮರುದಿನವೂ ಏರದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಎರಡನೇ ವಾರದಿಂದ ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧ, ತಾಯಿಗೂ ಸೇರಿಸಿ.

ನಿಜವಾದ ಕೆಲಸ ಇರುವುದು ಮೂರನೇ ವಾರದಿಂದ. ಕಣ್ಣು, ಕಿವಿ ತೆರೆದ ಮೇಲೆ ಸುಮಾರು ಹನ್ನೆರಡನೇ ವಾರದವರೆಗೆ ಮರಿ ಯಾವುದನ್ನು ಕಂಡು ಕೇಳಿ ಬೆಳೆಯುತ್ತದೋ ಅದನ್ನು ತನ್ನ ಲೋಕವೆಂದು ಒಪ್ಪಿಕೊಳ್ಳುತ್ತದೆ. ಅದರಲ್ಲಿ ಮೊದಲರ್ಧ ನಿಮ್ಮ ಮನೆಯಲ್ಲೇ ಕಳೆಯುತ್ತದೆ. ಕೊಂಡವರು ಆಮೇಲೆ ಅದನ್ನು ತುಂಬಿಕೊಡಲು ಬಹಳ ಕಷ್ಟ. ಆದ್ದರಿಂದ ಮರಿಗಳನ್ನು ಹಿತ್ತಲ ಶೆಡ್ಡಿನಲ್ಲಿ ಇಡಲೇಬೇಡಿ. ನವೆಂಬರ್ ಮರಿಗಳು ನಮ್ಮಲ್ಲಿ ಅಡಿಕೆ ಕೊಯ್ಲಿನ ನಡುವೆಯೇ ಬೆಳೆಯುತ್ತವೆ. ಮರವೇರಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು, ಅಡಿಕೆ ಸುಲಿಯಲು ಬರುವವರು, ಟೊಪ್ಪಿಯವರು, ಗಡ್ಡದವರು, ಮಕ್ಕಳು, ಕೋಲೂರುವ ಅಜ್ಜ, ದೂರದ ಯಕ್ಷಗಾನದ ಆಟದ ಚಂಡೆ, ಎಲ್ಲವೂ ಅವುಗಳ ಪಾಲಿಗೆ ಮಾಮೂಲಾಗುತ್ತದೆ. ನಿಮ್ಮಲ್ಲಿ ಮೀನು ಮಾರುವವರ ಕೂಗು, ಹೆದ್ದಾರಿಯ ಲಾರಿ, ಮಿಕ್ಸರ್ ಇವೆಯಲ್ಲ.

ನಾನು ನೋಡುವುದು ಒಂದನ್ನು. ತುಸು ದೂರದಲ್ಲಿ ಸ್ಟೀಲ್ ಮುಚ್ಚಳ ಬೀಳಿಸಿದರೆ ಮರಿಗಳೆಲ್ಲ ಬೆಚ್ಚುತ್ತವೆ, ಅದು ಸಹಜ. ಕೆಲವು ಕೂಡಲೇ ಹೋಗಿ ಮುಚ್ಚಳವನ್ನು ಮೂಸುತ್ತವೆ. ಯಾವುದೋ ಒಂದು ಗೋಡೆಗೆ ಆತು ಅಲ್ಲೇ ಉಳಿಯುತ್ತದೆ. ಅದನ್ನು ಎಳೆದು ತರಬೇಡಿ. ಮುಂದಿನ ಸಲ ಇನ್ನೂ ದೂರದಿಂದ, ಮೆಲ್ಲಗೆ ಸದ್ದು ಮಾಡಿ, ಜೊತೆಗೆ ತಿನ್ನಲು ಏನಾದರೂ ಕೊಡಿ. ಅಂಥ ಮರಿಯನ್ನು ದಿನವೂ ಕೆಲಹೊತ್ತು ಒಂಟಿಯಾಗಿ ಮಡಿಲಲ್ಲಿ ಇಟ್ಟುಕೊಂಡರೆ ಧೈರ್ಯ ಬರುತ್ತದೆ.

ಪಾರ್ವೋ ಎಂಬ, ಮರಿಗಳಿಗೆ ವಾಂತಿ ಭೇದಿ ತರುವ ಅಂಟುರೋಗದ ಭಯಕ್ಕೆ ಅವುಗಳನ್ನು ಕೂಡಿಹಾಕುವವರಿದ್ದಾರೆ. ರೋಗ ಭಯಾನಕವೇ, ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದೇ ಒಳಗೆ ಬರಲಿ, ಮರಿಗಳನ್ನು ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗಾಡಿಸಿ. ಆರರಿಂದ ಎಂಟನೇ ವಾರದೊಳಗೆ ಮೊದಲ ಲಸಿಕೆ ಹಾಕಿಸಿ.

ತೋಟವಿರುವವರಿಗೆ ಇನ್ನೊಂದು ಮಾತು. ಲ್ಯಾಬ್ರಡಾರ್ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕೋಕೋ ಬೀಜ, ಅಡಿಕೆ, ಔಷಧಿ ಹೊಡೆದು ಉಳಿದ ಮೈಲುತುತ್ತದ ಬಕೆಟ್ ಮೂರೂ ಅದಕ್ಕೆ ವಿಷ. ಸಂಜೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯುವುದೂ ನಿತ್ಯದ ಕೆಲಸವಾಗಲಿ. ಹಾಗೆ ಮುಟ್ಟಿಸಿಕೊಂಡು ಬೆಳೆದ ಮರಿ ಮುಂದೆ ವೈದ್ಯರ ಕೈಗೂ ಕಚ್ಚುವುದಿಲ್ಲ.

ನಾಲ್ಕೈದು ವಾರಕ್ಕೇ "ಮುದ್ದಾಗಿದೆ, ಈಗಲೇ ಕೊಡಿ" ಎಂದು ಕೇಳುವವರು ಬರುತ್ತಾರೆ. ದಯವಿಟ್ಟು ಕೊಡಬೇಡಿ. ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಒಡಹುಟ್ಟಿದವುಗಳಿಂದ ಕಲಿಯುವುದು ಆಗಲೇ. 2017ರ ಕೇಂದ್ರ ನಿಯಮದ ಪ್ರಕಾರವೂ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಕೊಡುವಾಗ ಲಸಿಕೆಯ ಕಾರ್ಡು, ತಿನ್ನುತ್ತಿದ್ದ ಆಹಾರ ಸ್ವಲ್ಪ, ತಾಯಿಯ ವಾಸನೆಯಿರುವ ಬಟ್ಟೆ ಜೊತೆಗಿರಲಿ. ಯಾವಾಗಲಾದರೂ ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ ನಮ್ಮ ಮನೆಗೇ ತಂದುಬಿಡಿ ಎಂದು ನಾನು ಬರೆಸಿಕೊಂಡೇ ಕಳಿಸುತ್ತೇನೆ.