ಫ್ರಿಡ್ಜ್ ಮುಟ್ಟದ ತಾಯಿ

ಆ ಮನೆಯಲ್ಲಿ ಮೊಸರು ದಿನಾ ಹುಳಿಯಾಗುತ್ತಿತ್ತು. ಹುಬ್ಬಳ್ಳಿಯ ಏಪ್ರಿಲ್ ಸೆಕೆ, ಮೊಸರಿನ ಪಾತ್ರೆ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ. ಎರಡು ಹೆಜ್ಜೆ ಆಚೆ ಫ್ರಿಡ್ಜ್ ಸುಮ್ನೆ ಗುಂಯ್ ಅನ್ನುತ್ತಿತ್ತು. ತಾಯಿ ಅದನ್ನು ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಮನೆಯವರಿಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ.

ತಂದೆ, ತಾಯಿ, ಮಗ ಮೂವರೂ ಧಾರವಾಡಕ್ಕೆ, ಆಪ್ತ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಿದ್ದು ಬೇರೆ ವಿಷಯಕ್ಕೆ. ಮಗ ಹಾವು ಸಾಕಿದ್ದಾನೆ, ತಾಯಿಗೆ ರಾತ್ರಿ ನಿದ್ದೆ ಇಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ 26 ವರ್ಷ, ಮನೆಯಿಂದಲೇ ಕಂಪ್ಯೂಟರ್ ಕೆಲಸ.

ಕೂತ ಕೂಡಲೇ ಅವನು ಫೋನ್ ತೆಗೆದ. "ಬಾಲ್ ಪೈಥಾನ್ ರೀ ಮೇಡಂ. ವಿಷ ಇಲ್ಲ. ಅಂಜಿದ್ರ ಚೆಂಡಿನಂಗ ಸುತ್ಕೊಂಡು ಕುಂದರ್ತದ, ಅಷ್ಟ. ನೋಡ್ರಿ ಇಲ್ಲೆ." ಫೋಟೋ ನನಗೆ ತೋರಿಸುವಷ್ಟರಲ್ಲಿ ತಾಯಿ ಕುರ್ಚಿಯನ್ನು ಗೋಡೆ ಕಡೆ ಸರಿಸಿಕೊಂಡಿದ್ದರು. ಫೋನ್ ಬೋರಲು ಹಾಕು ಅಂದೆ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ಯಾವ ಹಾವು, ಕಾಗದ ಇದೆಯಾ ಅಂತ. ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅವನ್ನು ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನ್ ಆಫ್ರಿಕಾದ ಹಾವು, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2024ರ ನಿಯಮದಂತೆ ಇಂಥವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬೇರೆಯವರಿಗೆ ಕೊಟ್ಟರೂ, ಸತ್ತರೂ ತಿಳಿಸಬೇಕು. ಹುಡುಗ ನೋಂದಣಿ ಮಾಡಿಸಿದ್ದ, ಆದರೆ ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಅರಣ್ಯ ಇಲಾಖೆಯವರು ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ತಂದೆ ಎಂಟು ತಿಂಗಳಿಂದ ಅಂಜಿಕೊಂಡೇ ಇದ್ದರು. ಕಾಗದ ನೋಡಿದ ಮೇಲೆ ಅವರ ಅಂಜಿಕೆ ಮುಗಿಯಿತು. ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ಮಾಡಿಸಿ ಜೇಬಿಗಿಟ್ಟುಕೊಂಡರು.

ತಾಯಿಯ ಜೊತೆ ಒಬ್ಬಳೇ ಕೂತು ಮಾತಾಡಿದೆ. ಅವರ ಊರು ನವಲಗುಂದದ ಕಡೆ. ಹಿಂದೊಮ್ಮೆ ಅಲ್ಲಿ ಅವರ ಒಂಬತ್ತು ವರ್ಷದ ತಮ್ಮ ಶೇಂಗಾ ರಾಶಿ ಪಕ್ಕ ನೆಲದ ಮೇಲೆ ಮಲಗಿದ್ದ. ಬೆಳಿಗ್ಗೆ ಹೊಟ್ಟೆನೋವು ಅಂದ, ಆಮೇಲೆ ಕಣ್ಣು ತೆರೆಯಲು ಆಗುತ್ತಿಲ್ಲ ಅಂದ. ಮಂತ್ರ ಹಾಕಿಸಿ ಆಸ್ಪತ್ರೆ ಹಾದಿ ಹಿಡಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಕಚ್ಚಿದ್ದು ಕಟ್ಟುಹಾವು, ವಿಷದ ಹಾವು. ಅದರ ಕಡಿತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. (ನೆಲದ ಮೇಲೆ ಮಲಗಿ ಎದ್ದವರಿಗೆ ಹೀಗೆ ಹೊಟ್ಟೆನೋವು ಬಂದು ರೆಪ್ಪೆ ಜೋತು ಬಿದ್ದರೆ ಬೇರೆಲ್ಲೂ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.)

ಮಗನಿಗೆ ಈ ಕಥೆ ಚೆನ್ನಾಗಿಯೇ ಗೊತ್ತಿತ್ತು. ಅವನ ಉತ್ತರವೂ ತಯಾರಿತ್ತು. "ಅದು ಕಟ್ಟುಹಾವು, ಇದು ಬ್ಯಾರೆ." ನಿಜವೇ, ಒಂದಕ್ಷರ ಸುಳ್ಳಿಲ್ಲ. ಆದರೆ ತಾಯಿಯ ಪ್ರಶ್ನೆ ಅದಾಗಿರಲಿಲ್ಲ. ಅವರು ನನಗೆ ಹೇಳಿದ್ದು ಇಷ್ಟು: "ಕಣ್ಣಿಗೆ ಬಿದ್ದರ ಅಂಜಿಕಿ ಆಗತದ, ಖರೆ. ಆದ್ರ ಎಲ್ಲೆ ಐತಿ ಅಂತ ಗೊತ್ತಿಲ್ಲದಾಗ ಆಗೂ ಅಂಜಿಕಿ ಬ್ಯಾರೇನ ಇರ್ತದ್ರೀ."

ಫೆಬ್ರವರಿಯಲ್ಲಿ ಮಗನ ಹಾವು ತಪ್ಪಿಸಿಕೊಂಡಿತ್ತು. ಪೆಟ್ಟಿಗೆಯ ಗಾಜು ಸರಿಯಾಗಿ ಸರಿದಿರಲಿಲ್ಲ. ಒಂದು ರಾತ್ರಿ, ಒಂದು ಹಗಲು ಹುಡುಕಿದರು. ಸಿಕ್ಕಿದ್ದು ಫ್ರಿಡ್ಜಿನ ಹಿಂದೆ, ಕಂಪ್ರೆಸರ್ ಬೆಚ್ಚಗಿರುವ ಜಾಗದಲ್ಲಿ. ಅದಾದ ಒಂದು ವಾರಕ್ಕೆ ತಾಯಿ ಫ್ರೀಜರ್‌ನಲ್ಲಿದ್ದ ಒಂದು ಡಬ್ಬಿ ತೆಗೆದರು, ತುರಿದ ಕೊಬ್ಬರಿ ಇರಬೇಕು ಅಂತ. ಒಳಗೆ ಬಿಳಿ ಇಲಿಗಳು ಸಾಲಾಗಿ ಹೆಪ್ಪುಗಟ್ಟಿ ಮಲಗಿದ್ದವು. ಹಾವಿನ ಊಟ. ಮೊಟ್ಟೆಯೂ ಒಳಗೆ ಬರದ ಮನೆ ಅದು! ಅವರು ಮುಚ್ಚಳ ಹಾಕಿ ಡಬ್ಬಿ ಇದ್ದಲ್ಲೇ ಇಟ್ಟರು, ಸ್ನಾನ ಮಾಡಿದರು, ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಮೊಸರು ಕಿಟಕಿಗೆ ಬಂತು.

ಇದನ್ನು ಕೇಳಿ ಹುಡುಗನ ಮುಖ ಸಣ್ಣದಾಯಿತು. ಅವನು ಕೆಟ್ಟವನಲ್ಲ, ಹಾವಿನ ಪ್ರಚಾರಕ. ಹಾವು ಸಾಕುವ ಎಷ್ಟೋ ಜನ ಹೀಗೆಯೇ, ಎದುರಿನವರ ಭಯವನ್ನು ತಿದ್ದಬೇಕಾದ ತಪ್ಪು ಲೆಕ್ಕ ಅಂದುಕೊಳ್ಳುತ್ತಾರೆ. ಮ್ಯಾಚ್ ನೋಡಲು ಬಂದ ಗೆಳೆಯನ ಹೆಗಲ ಮೇಲೆ ಹಾವು ಹಾಕಿದ್ದನಂತೆ, ಅಂಜಿಕೆ ಬಿಡಲಿ ಅಂತ. ಗೆಳೆಯ ಮತ್ತೆ ಬರಲಿಲ್ಲ. ತಾಯಿಯ ಅಂಗೈಗೂ ಒಮ್ಮೆ ಹಾವಿನ ಪೊರೆ ಇಟ್ಟಿದ್ದ, "ಮುಟ್ಟಿ ನೋಡು, ಕಾಗದ ಇದ್ದಂಗ ಐತಿ" ಅಂತ. ಅದಕ್ಕೆ ಅವನು ಕ್ಷಮೆ ಕೇಳಲೇಬೇಕು ಅಂದೆ. ನನ್ನೆದುರಿಗಲ್ಲ, ಮನೆಯಲ್ಲಿ.

ಮಾಳಿಗೆ ಮೇಲಿನ ಕೋಣೆಗೆ ಹಾವು ಸಾಗಿಸಿ ಅಂತ ನಾನೇ ಮೊದಲು ಹೇಳಿದ್ದೆ. ದುಡುಕಿದೆ. ಅಲ್ಲಿರುವುದು ತಗಡಿನ ಛಾವಣಿ. ಈ ಹಾವಿಗೆ 26ರಿಂದ 32 ಡಿಗ್ರಿ ಶಾಖ ಸಾಕು, ಬೇಸಿಗೆಯಲ್ಲಿ ತಗಡಿನ ಕೆಳಗೆ ಅದು ಬೆಂದೇ ಹೋಗುತ್ತಿತ್ತು. ಹುಡುಗ ಇದನ್ನು ಹೇಳಿದಾಗ ಒಪ್ಪಿಕೊಂಡೆ. ಹಾಗಾಗಿ ಹಾವು ಅವನ ಕೋಣೆಯಲ್ಲೇ ಉಳಿಯಿತು.

ಕೊಟ್ಟ ಸಲಹೆ ಮುಖ್ಯವಾಗಿ ಕೀಲಿಯದು. ಗಾಜಿನ ಪೆಟ್ಟಿಗೆಗೆ ಕೀಲಿ, ಕೋಣೆಗೂ ಕೀಲಿ, ಎರಡರದ್ದೂ ಒಂದೊಂದು ಕೀಲಿಕೈ ತಾಯಿಯ ಹತ್ತಿರ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಬಾಗಿಲಿಗೊಂದು ಪಾಟಿ. ಹಾವು ಪೆಟ್ಟಿಗೆಯಲ್ಲಿದ್ದರೆ "ಒಳಗೈತಿ", ತೆಗೆದಾಗ "ಹೊರಗೈತಿ" ಅಂತ ಬಳಪದಲ್ಲಿ ಬರೆಯಬೇಕು. ಒಂದು ದಿನ ಬರೆಯಲು ಮರೆತರೂ ತಾಯಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಅಂತ ಹುಡುಗನಿಗೆ ಎಚ್ಚರಿಸಿದೆ. ಇಲಿಗಳಿಗೆ ಹಳೆಯ ಸಣ್ಣ ಫ್ರಿಡ್ಜ್ ಒಂದನ್ನು ಅವನ ದುಡ್ಡಿನಲ್ಲೇ ಕೊಂಡು ಅವನ ಕೋಣೆಯಲ್ಲೇ ಇಟ್ಟುಕೊಳ್ಳಬೇಕು. ದುಡ್ಡಿನ ಮಾತು ಬಂದಾಗ ಗೊಣಗಿದ. ಗೊಣಗಲಿ. ಮನೆಯ ಫ್ರಿಡ್ಜನ್ನು ಪೂರ್ತಿ ಖಾಲಿ ಮಾಡಿ ಅವನೇ ತೊಳೆದ, ಎರಡು ಸಲ. ಸೋಮವಾರ ತಾಯಿ ಅದಕ್ಕೆ ಕುಂಕುಮ ಹಚ್ಚಿ ಹಾಲು ಇಟ್ಟರಂತೆ.

ಹಾವಿನ ವಿಡಿಯೋ, ಉಪನ್ಯಾಸ ಎಲ್ಲ ಬಂದ್.

ತಾಯಿಗೆ ಹಾವು ಮುಟ್ಟುವ ಆಸೆ ಇರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅವರಿಗೆ ಬೇಕಿದ್ದದ್ದು ನಿದ್ದೆ. ಅಂಜಿಕೆಗೆ ಸೊನ್ನೆಯಿಂದ 100ರವರೆಗೆ ಅಂಕ ಹಾಕಿಸಿದೆ. ಮುಚ್ಚಿದ ಬಾಗಿಲ ಮುಂದೆ ನಿಂತರೆ 70, ಗಾಜಿನಾಚೆಯಿಂದ ನೋಡಿದರೆ 95. ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಈ ದಾರಿಯನ್ನು 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯ ರೂಪಿಸಿದರು. ಎದೆ ಹೊಡೆದುಕೊಂಡ ಕೂಡಲೇ ಓಡಿಬಿಟ್ಟರೆ ಅಂಜಿಕೆ ಗಟ್ಟಿಯಾಗುತ್ತದೆ. ನಿಧಾನ ಉಸಿರಾಡುತ್ತ ಅಲ್ಲೇ ನಿಂತರೆ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ತಾಯಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆ ಬಾಗಿಲ ಮುಂದೆ ನಿಂತು ಪಾಟಿ ಓದುತ್ತಿದ್ದರು. ಆರನೇ ವಾರಕ್ಕೆ 70 ಇದ್ದದ್ದು 30 ಆಯಿತು. ಗಾಜಿನವರೆಗೆ ಒಮ್ಮೆ ಮಾತ್ರ ಹೋದರು. "ಮಲಗಿತ್ತು. ಮಾರಿ ಸಣ್ಣದೈತಿ," ಅಂದರು.

ಹುಡುಗನ ಅಕ್ಕನ ವಿಷಯ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಪಂಚಮಿಗೆ ತವರಿಗೆ ಬರುವುದಿಲ್ಲ ಅಂತ ಹಟ ಹಿಡಿದಿದ್ದಳು, ಅವಳ ಮಗುವಿಗೆ ಎರಡೂವರೆ ವರ್ಷ. ಇಲ್ಲಿ ನಾನು ಅಕ್ಕನ ಕಡೆ. ಹಾವು, ಆಮೆ, ಹಲ್ಲಿಯಂಥವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಅವು ನೋಡಲು ಆರೋಗ್ಯವಾಗಿದ್ದರೂ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಜಾಸ್ತಿ ಅಪಾಯ. ಹಾವು ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆಯಬೇಕು, ಪೆಟ್ಟಿಗೆಯ ನೀರಿನ ಬಟ್ಟಲು ಅಡುಗೆಮನೆಯ ಸಿಂಕಿಗೆ ಹೋಗಬಾರದು, ಮಗು ಇದ್ದಷ್ಟು ದಿನ ಕೋಣೆಗೆ ಹೊರಗಿನಿಂದಲೂ ಕೀಲಿ. ಅಕ್ಕ ಹಗಲು ಬಂದಳು, ಉಂಡಿ ತಿಂದಳು, ಜೋಕಾಲಿ ಆಡಿದಳು, ಕತ್ತಲಾಗುವ ಮೊದಲು ಮಗುವನ್ನು ಎತ್ತಿಕೊಂಡು ಕೇಶ್ವಾಪುರದ ಚಿಕ್ಕಮ್ಮನ ಮನೆಗೆ ಮಲಗಲು ಹೋದಳು. ನಾಲ್ಕು ದಿನವೂ ಹಾಗೇ. ಹುಡುಗನಿಗೆ ಬೇಸರ. ಅವಳು ಬಂದಳಲ್ಲ, ಅಂದೆ.

ಕಳೆದ ತಿಂಗಳು ಹುಡುಗ ಫೋನ್ ಮಾಡಿದ್ದ. ತಾಯಿ ಮಾತಾಡಿ ನಕ್ಕರು. ಮೊಸರು ಈಗ ಫ್ರಿಡ್ಜಿನಲ್ಲಿ, ಕೀಲಿಕೈ ದೇವರ ಮನೆಯ ಗೂಟಕ್ಕೆ. ಆಮೇಲೆ ಹುಡುಗ ದನಿ ತಗ್ಗಿಸಿ ಕೇಳಿದ, "ಮೇಡಂ, ಇನ್ನೊಂದು ತರಬಹುದಾ?" ಅವ್ವನನ್ನು ಕೇಳು ಅಂದೆ. ಇನ್ನೂ ಕೇಳಿಲ್ಲವಂತೆ.