ಏಲಕ್ಕಿ ಹಾಕಿದ ಏಲ್‌ಗೆ ಫಗಲ್ ಹಾಪ್ಸ್ ಬದಲು ವಿಲಾಮೆಟ್ ಹಾಕಿದರೆ ರುಚಿ ಕೆಡುತ್ತಾ?

ಕೆಡಲ್ಲ. (ಏಲ್ ಅಂದರೆ ಒಂದು ಬಗೆಯ ಬಿಯರ್. ಹಾಪ್ಸ್ ಅಂದರೆ ಅದಕ್ಕೆ ಕಹಿ, ಪರಿಮಳ ಕೊಡುವ ಹೂವು; ಫಗಲ್, ವಿಲಾಮೆಟ್ ಅದರ ಎರಡು ತಳಿ.) ಆದರೆ ಇದೇ ಪ್ರಶ್ನೆ ತಲೆಗೆ ಹಚ್ಚಿಕೊಂಡು ನಾನು ಎರಡು ಸಲ 20 ಲೀಟರ್ ಬಿಯರನ್ನು ಬಚ್ಚಲಿಗೆ ಸುರಿದಿದ್ದೇನೆ.

ನಮ್ಮ ಮನೆ ಸಕಲೇಶಪುರದ ಹತ್ತಿರ. ಏಲಕ್ಕಿ, ಕೊತ್ತಂಬರಿ ಬೀಜ, ಚೂರು ಒಣಶುಂಠಿ ಹಾಕಿದ ಏಲ್ ಮಾಡುವ ಹುಚ್ಚು ಹಿಡಿದಿತ್ತು. (ಲೈಸೆನ್ಸ್ ಇಲ್ಲದೆ ಇಲ್ಲಿ ಬಿಯರ್ ಮಾಡುವ ಹಾಗಿಲ್ಲ, ಅಬಕಾರಿಯವರ ವಿಷಯ ನೀವೇ ನೋಡಿಕೊಳ್ಳಿ.) ರೆಸಿಪಿಯಲ್ಲಿ ಫಗಲ್ ಅಂತಿತ್ತು, ನನಗೂ ಸಿಕ್ಕಿದ್ದು ವಿಲಾಮೆಟ್. ಮೇ ತಿಂಗಳಲ್ಲಿ ಪ್ಯಾಕೆಟ್ ಬಂತು. ಸುಮ್ನೆ ಮೂಸಿ ನೋಡೋಣ ಅಂತ ಕತ್ತರಿಸಿದೆ, ಬಂದವರಿಗೆಲ್ಲ ಮೂಸಿಸಿದೆ, ರಬ್ಬರ್ ಬ್ಯಾಂಡ್ ಸುತ್ತಿ ಒಲೆ ಮೇಲಿನ ಶೆಲ್ಫಿನಲ್ಲಿಟ್ಟೆ. ಅಷ್ಟರಲ್ಲಿ ಮಳೆ ಹಿಡಿಯಿತು. ಬಿಯರ್ ಕುದಿಸಿದ್ದು ಆಗಸ್ಟ್‌ನಲ್ಲಿ.

ಬಾಟಲಿ ತೆರೆದರೆ ಹಳೇ ಚೀಸ್ ವಾಸನೆ. ಮಳೆಗಾಲದಲ್ಲಿ ಒಣಗದ ಸಾಕ್ಸ್ ವಾಸನೆ ಅಂದರೂ ಸರಿಯೇ. ತಪ್ಪೆಲ್ಲ ವಿಲಾಮೆಟ್‌ದು ಅಂದುಕೊಂಡೆ. ಇಂಗ್ಲೆಂಡಿನಿಂದ ಬರುತ್ತಿದ್ದ ಗೆಳೆಯನಿಗೆ ಕಾಡಿಸಿ ಅಸಲಿ ಫಗಲ್ ತರಿಸಿದೆ. ಅದನ್ನೂ ಕತ್ತರಿಸಿ, ಮೂಸಿ, ಅದೇ ಶೆಲ್ಫಿಗೆ ಏರಿಸಿದೆ! ಮೂರು ತಿಂಗಳಾದ ಮೇಲೆ ಕುದಿಸಿದೆ. ಮತ್ತೆ ಅದೇ ಸಾಕ್ಸ್.

ಆಮೇಲೆ ಅಮ್ಮ ಹೇಳಿದ್ದು: "ಕಾಫಿಪುಡಿ ಡಬ್ಬಿ ಮುಚ್ಚಳ ಸಡಿಲ ಇದ್ರೆ ಮನೆಯೆಲ್ಲ ಎಬ್ಬಿಸ್ತೀಯ, ಇದನ್ನ ಒಲೆ ಮೇಲೆ ಇಟ್ಟಿದ್ದೀಯಲ್ಲೋ."

ಅಷ್ಟೇ ವಿಷಯ. ಹಾಪ್ಸ್‌ನ ಅಂಟಿನಲ್ಲಿರುವ ಆಮ್ಲಗಳಿಗೆ ಗಾಳಿ ತಾಗಿದರೆ ಅವು ಒಡೆದು ಐಸೋವ್ಯಾಲೆರಿಕ್ ಆಮ್ಲ ಆಗುತ್ತದೆ. ಚೀಸ್ ವಾಸನೆ ಅದರದ್ದೇ. ಬಿಸಿ ಜಾಸ್ತಿ ಆದಷ್ಟೂ ಬೇಗ. ಪರಿಮಳದ ಎಣ್ಣೆಯೂ ಅದರ ಜೊತೆಗೇ ಹೋಗುತ್ತದೆ. ಪ್ಯಾಕೆಟ್ಟಿನಲ್ಲಿದ್ದ ಹಾಪ್ಸ್‌ನ ಹಸಿರು ಗುಳಿಗೆಗಳು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ, ಉಗುರಲ್ಲಿ ಕೆರೆದೂ ನೋಡಿದ್ದೆ. ಅದರ ಬಣ್ಣವೇ ಹಾಗೆ ಅಂದುಕೊಂಡೆ. ಎರಡೂ ಸಲ.

ಹಾಗಾಗಿ ಯಾವ ಹಾಪ್ಸ್ ಅನ್ನೋದು ನಿಮ್ಮ ಮೊದಲ ಪ್ರಶ್ನೆ ಆಗಬಾರದು. ಪ್ಯಾಕೆಟ್ ಒಡೆದ ದಿನವೇ 30 ಗ್ರಾಂ ಲೆಕ್ಕದಲ್ಲಿ ಪೊಟ್ಟಣ ಮಾಡಿ, ಗಾಳಿ ಹಿಂಡಿ ತೆಗೆದು ಫ್ರೀಜರಿಗೆ ಹಾಕಿ. ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ.

ವಿಲಾಮೆಟ್ ಹೇಗಿದ್ದರೂ ಫಗಲ್ ಮನೆತನದ್ದೇ. ಫಗಲ್‌ನಿಂದಲೇ ಅಮೆರಿಕದಲ್ಲಿ ಬೆಳೆಸಿ 1976ರಲ್ಲಿ ಬಿಡುಗಡೆ ಮಾಡಿದ ತಳಿ. ಎರಡರಲ್ಲೂ ಕಹಿ ಕೊಡುವ ಆಲ್ಫಾ ಆಮ್ಲ ಸುಮಾರು ಶೇ. 5ರ ಆಸುಪಾಸು, ಕಹಿಯ ಲೆಕ್ಕ ಜಾಸ್ತಿ ಬದಲಾಗಲ್ಲ. ಪ್ಯಾಕೆಟ್ ಮೇಲಿನ ಅಂಕಿ ಒಮ್ಮೆ ನೋಡಿಕೊಳ್ಳಿ, ಸಾಕು. ಸಿಟ್ರಾ ಅನ್ನೋ ಹಾಪ್ಸ್ ಮಾತ್ರ ಬೇಡ. ಅದು ಶೇ. 12ರ ಹತ್ತಿರ, ಮೇಲಿಂದ ಮಾವಿನಹಣ್ಣಿನ ಘಮ, ಏಲಕ್ಕಿ ಜೊತೆ ಜಗಳಕ್ಕೆ ನಿಲ್ಲುತ್ತದೆ. ಕೊತ್ತಂಬರಿ ಬೀಜಕ್ಕೆ ಆ ತೊಂದರೆ ಇಲ್ಲ, ಅದರಲ್ಲಿರುವ ಲಿನಾಲೂಲ್ ಅನ್ನೋ ಪರಿಮಳದ ಅಂಶ ಹಾಪ್ಸ್‌ನಲ್ಲೂ ಇದೆ.

ನನ್ನನ್ನು ಕೇಳಿದರೆ ಮಸಾಲೆ ಏಲ್‌ಗೆ ಪರಿಮಳದ ಹಾಪ್ಸೇ ಅಷ್ಟು ಬೇಕಿಲ್ಲ. ಕುದಿ ಮುಗಿಯಲು ಐದು ನಿಮಿಷ ಇದ್ದಾಗ 10 ಗ್ರಾಂ ಹಾಕಿ, ಜೊತೆಗೇ ಜಜ್ಜಿದ ಏಲಕ್ಕಿ ಆರು. ತೋಟದ್ದು ಪುಕ್ಕಟೆ ಸಿಗುತ್ತೆ ಅಂತ ಹಿಡಿ ತುಂಬ ಸುರಿದರೆ ಪಾಯಸ ಆಗುತ್ತದೆ.

ಅಂದಹಾಗೆ, ನಿಮ್ಮ ವಿಲಾಮೆಟ್ ಪ್ಯಾಕೆಟ್ ಈಗ ಎಲ್ಲಿದೆ?