‘ನೋಡುವ’ ಎಂಬ ಮಾತು ಜಪಾನಿನಲ್ಲೂ ಉಂಟು

ತಂಗೀ,

ನಿನ್ನ ಪತ್ರ ಬಂತು. ಏಪ್ರಿಲ್‌ಗೆ ಒಸಾಕಾದಲ್ಲಿ ಕೆಲಸಕ್ಕೆ ಸೇರಬೇಕು, ಮೀನು ಮಾಂಸ ತಿನ್ನುವುದಿಲ್ಲ, ಜಪಾನಿ ಭಾಷೆ ನಾಲ್ಕು ತಿಂಗಳ ಕ್ಲಾಸಿನಷ್ಟೇ ಗೊತ್ತು, ಆಫೀಸಿನಲ್ಲಿ ಹೇಗೆ ಮಾತಾಡಬೇಕೋ ಅಂತ ಭಯ ಆಗ್ತಿದೆ ಎಂದು ಬರೆದಿದ್ದೀಯ. ಕೊನೆಗೆ ‘ಅಕ್ಕ, ಇಂಗ್ಲಿಷ್ ಇನ್ನೂ ಗಟ್ಟಿ ಮಾಡಿಕೊಳ್ಳಲಾ?’ ಎಂದು ಕೇಳಿದ್ದೀಯ.

ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ಬೇಡ. ಇರುವಷ್ಟು ಇಂಗ್ಲಿಷ್ ಸಾಕು. ನಾನು ಕೋಬೆಗೆ ಬಂದು 14 ವರ್ಷ ಆಯಿತು. ಇಲ್ಲಿ ನನ್ನ ಕೈ ಹಿಡಿದದ್ದು ನಮ್ಮ ಕಾಸರಗೋಡಿನ ನೀರ್ಚಾಲಿನಲ್ಲಿ ಕಲಿತ ಕನ್ನಡ, ಬದಿಯಡ್ಕದ ಬಸ್ಸಿನಲ್ಲಿ ಕಿವಿಗೆ ಬಿದ್ದ ತುಳು ಮತ್ತು ಮಲಯಾಳ. ಸುಮ್ನೆ ಊರಿನ ಮೇಲಿನ ಪ್ರೀತಿಗೆ ಹೇಳುವ ಮಾತಲ್ಲ ಇದು.

ಜಪಾನಿ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಹಾಗೆ. ನಮ್ಮ ‘ಇಂದ’, ‘ಕ್ಕೆ’ಗಳ ಹಾಗೆ ಅವರದ್ದೂ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ಕೋಬೆ ಕರಾ ಒಸಾಕಾ ಮದೆ’ ಅಂದರೆ ‘ಕೋಬೆಯಿಂದ ಒಸಾಕಾವರೆಗೆ’. ‘ತಬೆತೆ ಮಿರು’ ಅಂದರೆ ‘ತಿಂದು ನೋಡು’. ‘ಮಿರು’ ಅಂದರೆ ಕಣ್ಣಿನಿಂದ ನೋಡುವುದೇ. ನನ್ನ ಕ್ಲಾಸಿನಲ್ಲಿ ಅಮೆರಿಕದ ಹುಡುಗನೊಬ್ಬ ಇದ್ದ. ತಿನ್ನುವುದನ್ನು ನೋಡುವುದು ಹೇಗೆ ಅಂತ ಅವನಿಗೆ ಎರಡು ದಿನ ಗೊಂದಲ. ನನಗೆ ಆ ಪಾಠವೇ ಬೇಕಾಗಲಿಲ್ಲ. ‘ಶಿತೆ ಒಕು’ ಅಂದರೆ ‘ಮಾಡಿ ಇಡು’. ‘ತಬೆತೆ ಶಿಮತ್ತಾ’ ಅಂದರೆ ‘ತಿಂದುಬಿಟ್ಟೆ’. ನಾವು ಮಾತು ಮಾತಿಗೆ ಹಾಕುವ ‘ಅಂತ’ಕ್ಕೆ ಇಲ್ಲಿ ‘ತೊ’ ಉಂಟು. ಸುಸುಮು ಓನೊ ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾ ತಜ್ಞರು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ಕನ್ನಡದಲ್ಲಿ ಯೋಚಿಸಿ ಪದ ಮಾತ್ರ ಬದಲಿಸಿದರೆ ವಾಕ್ಯ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿದರೆ ತಲೆಕೆಳಗಾಗುತ್ತದೆ.

ಬಂದ ಎರಡನೇ ವಾರದ ಒಂದು ಬೆಳಿಗ್ಗೆ. ಎದುರು ಮನೆಯ ಹುಡುಗ ಶಾಲೆಗೆ ಹೊರಟಿದ್ದ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ‘ಇತ್ತೆ ಕಿಮಾಸು’ ಅಂದ. ಒಳಗಿನಿಂದ ಅಜ್ಜಿ ‘ಇತ್ತೆ ರಾಶ್ಶೈ’ ಅಂದರು. ಹೋಗಿ ಬರ್ತೇನೆ, ಹೋಗಿ ಬಾ. ಅರ್ಥ ಹೊಳೆದಾಗ ನಾನು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಊರಲ್ಲಿ ಬರೀ ‘ಹೋಗ್ತೇನೆ’ ಅಂದರೆ ಅಮ್ಮ ಗದರುತ್ತಿದ್ದರು, ನಿಮ್ಮಲ್ಲೂ ಹಾಗೇ ಅಲ್ವಾ? ತುಳುವಿನ ‘ಪೋದು ಬರ್ಪೆ’, ಮಲಯಾಳದ ‘ಪೋಯಿಟ್ಟು ವರಾಂ’ ಎಲ್ಲ ಕೇಳಿ ಬೆಳೆದವಳಿಗೆ ಇದು ಅದೇ ಮಾತಿನ ಇನ್ನೊಂದು ಭಾಷೆ ಅಷ್ಟೇ.

ಜೋಡಿ ಪದಗಳಿಗೂ ಇಲ್ಲಿ ಬರಗಾಲ ಇಲ್ಲ. ಎದೆ ಡವಡವ ಅಂದರೆ ‘ದೊಕಿ ದೊಕಿ’, ಪಳಪಳ ಅಂದರೆ ‘ಪಿಕಾ ಪಿಕಾ’, ಜಿಟಿಜಿಟಿ ಮಳೆಗೆ ‘ಶಿತೊ ಶಿತೊ’. ಇವನ್ನು ಮಕ್ಕಳ ಭಾಷೆ ಅಂತ ಬಿಡಬೇಡ. ಡಾಕ್ಟರ ಹತ್ತಿರ ಹೋದಾಗ ಇವೇ ಬೇಕು. ತಲೆ ನಾಡಿಯಂತೆ ಬಡಿಯುತ್ತಿದ್ದರೆ ‘ಜುಕಿ ಜುಕಿ’, ಸೂಜಿ ಚುಚ್ಚಿದ ಹಾಗಿದ್ದರೆ ‘ಚಿಕು ಚಿಕು’, ಉರಿಯುತ್ತಿದ್ದರೆ ‘ಹಿರಿ ಹಿರಿ’. ಈ ಮೂರನ್ನು ಬರುವ ಮೊದಲೇ ಬಾಯಿಪಾಠ ಮಾಡು.

ಅಕ್ಷರ ಮಾತ್ರ ಕಷ್ಟ, ಸುಳ್ಳು ಹೇಳುವುದಿಲ್ಲ. ನಿತ್ಯ ಬಳಕೆಗೆ ಎಂದು ಸರಕಾರ ಗೊತ್ತುಮಾಡಿದ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳೇ 2136. ಆದರೆ ನಮ್ಮ ಅಜ್ಜಿಯಂದಿರು ಮಲಯಾಳ ಬೋರ್ಡಿನ ಬಸ್ಸನ್ನು ಹೇಗೆ ಗುರುತಿಸುತ್ತಿದ್ದರು? ಓದಲು ಬರುತ್ತಿರಲಿಲ್ಲ. ಅಕ್ಷರದ ಆಕಾರ ನೋಡಿ, ಇದು ನಮ್ಮ ಊರಿನದ್ದು ಅಂತ ಹತ್ತುತ್ತಿದ್ದರು. ಹಾಗೇ ಶುರು ಮಾಡು. ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಇಟ್ಟ ಹಾಗೆ ಒಂದು ಅಕ್ಷರ, ಪಕ್ಕದಲ್ಲಿ ಖಾಲಿ ಚೌಕ. ಚೌಕ ಅಂದರೆ ಬಾಯಿ. ಎರಡೂ ಒಟ್ಟಿಗೆ ಕಂಡರೆ ಸ್ಟೇಷನ್ನಿನಿಂದ ಹೊರಗೆ ಹೋಗುವ ದಾರಿ.

ಇನ್ನು ಆಫೀಸು. ಮೊದಲ ವರ್ಷ ನಾನು ಒಂದು ಹೊಸ ಕೆಲಸದ ಯೋಜನೆ ಬರೆದು ವಿಭಾಗದ ಮುಖ್ಯಸ್ಥರ ಮುಂದಿಟ್ಟೆ. ಪೂರ್ತಿ ಓದಿದರು. ಹಲ್ಲಿನ ಸಂದಿಯಿಂದ ‘ಸ್ಸ್’ ಅಂತ ಉಸಿರೆಳೆದರು. ‘ಕೆಂತೊ ಶಿಮಾಸು’ ಅಂದರು. ಪರಿಶೀಲಿಸುತ್ತೇವೆ ಎಂದು ಅರ್ಥ. ನಾನು ಖುಷಿಯಿಂದ ಮೂರು ವಾರ ಮುಂದಿನ ತಯಾರಿ ಮಾಡಿದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಜೊತೆಗೆ ಬರಲೂ ಇಲ್ಲ. ಕೊನೆಗೆ ಪಕ್ಕದ ಮೇಜಿನವಳು ಮೆಲ್ಲನೆ ಹೇಳಿದಳು, ಅದು ಅವತ್ತೇ ಮುಗಿದ ವಿಷಯ ಅಂತ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಮಾವ. ಅಡಿಕೆ ವ್ಯಾಪಾರಿ ಬಂದಿದ್ದಾನೆ. ಮಾವ ಜಗಲಿಯಲ್ಲಿ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದಾರೆ. ವ್ಯಾಪಾರಿ ಒಂದು ಮುಷ್ಟಿ ಅಡಿಕೆ ಎತ್ತಿ, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ, ರೇಟು ಹೇಳುತ್ತಾನೆ. ಮಾವ ತಲೆ ಎತ್ತದೆ ‘ನೋಡುವ’ ಅನ್ನುತ್ತಾರೆ. ಸುಣ್ಣದ ಡಬ್ಬಿ ಮುಚ್ಚುತ್ತಾರೆ. ವ್ಯಾಪಾರಿ ಮಜ್ಜಿಗೆ ಕುಡಿದು, ಕೊಡೆ ತೆಗೆದುಕೊಂಡು, ‘ಹಾಗಾದ್ರೆ ಬರ್ತೇನೆ’ ಅಂತ ಅಂಗಳ ಇಳಿಯುತ್ತಾನೆ. ಇಲ್ಲ ಎಂಬ ಮಾತು ಎಲ್ಲೂ ಬರಲಿಲ್ಲ. ಅವನಿಗೂ ಗೊತ್ತಾಯಿತು, ಒಳಗೆ ಆಟವಾಡುತ್ತಿದ್ದ ನಮಗೂ ಗೊತ್ತಾಯಿತು. ಮುಂದಿನ ಸಲ ಅವನು ಬರುವ ದಾರಿಯೂ ಮುಚ್ಚಲಿಲ್ಲ.

‘ಕೆಂತೊ ಶಿಮಾಸು’ ಅಂದರೆ ಹೆಚ್ಚಿನ ಸಲ ಆ ‘ನೋಡುವ’. ನಿನ್ನ ಒಸಾಕಾ ವ್ಯಾಪಾರದ ಊರು. ಅಲ್ಲಿ ‘ಕಂಗಾಎತೊಕಿಮಾಸು’ ಅನ್ನುತ್ತಾರೆ, ‘ಯೋಚಿಸಿ ಇಡ್ತೇನೆ’ ಅಂತ. ಅದೂ ಬೇಡ ಅಂದ ಹಾಗೆಯೇ. ಸ್ವಲ್ಪ ಎಂಬ ಅರ್ಥದ ‘ಚೊತ್ತೊ’ ಹೇಳಿ ಎಳೆದು ನಿಲ್ಲಿಸಿದರೆ ಮುಂದೆ ಕೇಳಬೇಡ. ಇಂಗ್ಲಿಷ್ ಆಫೀಸುಗಳಲ್ಲಿ ಐದಾರು ವರ್ಷ ಕೆಲಸ ಮಾಡಿ ನಾನು ಈ ಕಿವಿಯನ್ನು ಕಳೆದುಕೊಂಡಿದ್ದೆ. ನೀನು ಕಳೆದುಕೊಳ್ಳಬೇಡ.

ನೀನು ಮಾತಾಡುವಾಗ ಅವರು ‘ಹಾಯ್, ಹಾಯ್’ ಅನ್ನುತ್ತಲೇ ಇರುತ್ತಾರೆ. ಅದು ಒಪ್ಪಿಗೆ ಅಲ್ಲ, ಹೂಂಗುಟ್ಟುವುದು. ಇದಕ್ಕೆ ‘ಐಜುಚಿ’ ಎಂದು ಹೆಸರು. ಕಮ್ಮಾರಸಾಲೆಯಲ್ಲಿ ಇಬ್ಬರು ಸರದಿಯಂತೆ ಸುತ್ತಿಗೆ ಬಡಿಯುವುದಕ್ಕಿದ್ದ ಪದ ಅದು. ನೀನೂ ಹೂಂಗುಟ್ಟಬೇಕು. ಫೋನಿನಲ್ಲಿ ಸುಮ್ಮನಿದ್ದರೆ ಲೈನ್ ಕಟ್ಟಾಯಿತೋ ಅಂತ ‘ಮೊಶಿ ಮೊಶಿ?’ ಕೇಳುತ್ತಾರೆ.

ಇನ್ನೆರಡು ಪದ ಮೊದಲ ವಾರವೇ ಕೇಳುತ್ತೀಯ. ‘ಹೋರೆನ್ಸೊ’ ಅಂದರೆ ಪಾಲಕ್ ಸೊಪ್ಪು. ಆಫೀಸಿನಲ್ಲಿ ಅದು ಮೂರು ಪದಗಳ ತಲೆ ಸೇರಿಸಿ ಮಾಡಿದ್ದು: ಹೋಕೊಕು, ರೆನ್ರಕು, ಸೋದಾನ್. ವರದಿ ಒಪ್ಪಿಸು, ಸುದ್ದಿ ಮುಟ್ಟಿಸು, ಸಲಹೆ ಕೇಳು. ನಮ್ಮಲ್ಲಿ ಕೆಲಸ ಮುಗಿಸಿ ಹೇಳುವುದು ಜಾಣತನ. ಇಲ್ಲಿ ನಡುವೆಯೇ ಹೇಳಬೇಕು, ತಪ್ಪಾಗಿದ್ದರಂತೂ ಮೊದಲೇ ಹೇಳಬೇಕು. ಹಾಗೆ ಹೇಳಿದವರನ್ನು ಬೈದದ್ದನ್ನು ನಾನು ಕಂಡದ್ದು ಕಡಿಮೆ. ಇನ್ನೊಂದು ‘ನೆಮವಾಶಿ’, ತೋಟದ ಪದ. ದೊಡ್ಡ ಮರವನ್ನು ಬೇರೆ ಕಡೆ ನೆಡುವ ಮೊದಲು ಬುಡದ ಸುತ್ತ ಅಗೆದು, ಹೊರಗಿನ ಬೇರು ಕತ್ತರಿಸಿ, ಹೊಸ ಸಣ್ಣ ಬೇರು ಬರುವವರೆಗೆ ಕಾಯುತ್ತಾರೆ. ಮೀಟಿಂಗಿಗೆ ಮೊದಲು ಒಬ್ಬೊಬ್ಬರನ್ನೇ ಕಂಡು ಮಾತಾಡಿ ಒಪ್ಪಿಸುವುದಕ್ಕೂ ಅದೇ ಹೆಸರು. ಮೀಟಿಂಗಿನಲ್ಲಿ ಹೊಸ ವಿಷಯ ಎತ್ತಿದರೆ ಎಲ್ಲರೂ ಮೇಜು ನೋಡುತ್ತಾರೆ. ನನ್ನ ಯೋಜನೆ ಬಿದ್ದದ್ದೂ ಅದಕ್ಕೇ. ಬೇರು ಬಿಡಿಸದೆ ಮರ ಎತ್ತಲು ಹೋಗಿದ್ದೆ.

ಊಟದ ವಿಷಯಕ್ಕೆ ಬರುವ. ಇಲ್ಲಿ ನೀನು ನಿಜವಾಗಿ ಜಾಗ್ರತೆ ಮಾಡಬೇಕಾದ್ದು ‘ದಾಶಿ’, ಅಡುಗೆಗೆ ರುಚಿ ಕೊಡಲು ಹಾಕುವ ತಿಳಿ ರಸ. ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು, ಬೇಯಿಸಿದ ತರಕಾರಿ, ಉದೊನ್ ಶ್ಯಾವಿಗೆಯ ನೀರು, ಎಲ್ಲದರ ಬುಡದಲ್ಲೂ ಅದು ಇರುತ್ತದೆ. ಹೆಚ್ಚಾಗಿ ಮೀನಿನದ್ದು. ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನ ಹಾಗೆ ಒಣಗಿಸಿ ಹೆರೆಯುತ್ತಾರೆ. ತಟ್ಟೆಯಲ್ಲಿ ಮೀನು ಕಾಣುವುದಿಲ್ಲ, ಹಾಗಾಗಿ ಬಡಿಸುವವರೂ ಇಲ್ಲ ಅನ್ನುತ್ತಾರೆ. ‘ದಾಶಿ ವ ಸಕಾನಾ ದೆಸು ಕಾ’ ಅಂತ ಕೇಳು, ದಾಶಿ ಮೀನಿನದ್ದಾ ಅಂತ. ಮನೆಯಲ್ಲಿ ಕೊಂಬು ಎಂಬ ಕಡಲ ಪಾಚಿ ನೆನೆಸಿ ದಾಶಿ ಮಾಡಿಕೋ, ಒಸಾಕಾದ ಅಡುಗೆಗೆ ಅದು ಹಳೆಯ ರುಚಿ. 1908ರಲ್ಲಿ ಕಿಕುನಾಎ ಇಕೆದಾ ಎಂಬ ರಸಾಯನ ವಿಜ್ಞಾನಿ ಸಾರಿಗೆ ತುಂಬು ಸ್ವಾದ ಕೊಡುವ ‘ಉಮಾಮಿ’ ರುಚಿಯನ್ನು ಗುರುತಿಸಿದ್ದು ಈ ಕೊಂಬಿನಿಂದಲೇ.

ಉಳಿದದ್ದೆಲ್ಲ ನೀನು ಬೆದರಬೇಕಾದ್ದಲ್ಲ. ಅಂಗಡಿಯಲ್ಲಿ ಬೂದು ಬಣ್ಣದ ಇಟ್ಟಿಗೆಯಂಥದ್ದು ನೀರು ತುಂಬಿದ ಪ್ಯಾಕೆಟಿನಲ್ಲಿ ಸಿಗುತ್ತದೆ. ಮೈಮೇಲೆ ಕಪ್ಪು ಚುಕ್ಕಿ, ಒತ್ತಿದರೆ ತುಳುಕುತ್ತದೆ. ಕತ್ತರಿಸಿದಾಗ ಸುಣ್ಣದ ನೀರಿನ ವಾಸನೆ. ಹೆಸರು ‘ಕೊನ್ಯಾಕು’. ಒಂದು ವರ್ಷ ನಾನು ಅದನ್ನು ಏನೋ ಸಮುದ್ರದ ಪ್ರಾಣಿ ಅಂತಲೇ ತಿಳಿದು ಮುಟ್ಟಿರಲಿಲ್ಲ. ಒಂದು ದಿನ ಪ್ಯಾಕೆಟ್ ತಿರುಗಿಸಿದರೆ ಹಿಂದೆ ಗಡ್ಡೆಯ ಚಿತ್ರ. ನಡುವೆ ಗುಳಿ, ಗುಳಿಯಲ್ಲಿ ಗುಲಾಬಿ ಮೊಳಕೆ. ನಮ್ಮ ಸುವರ್ಣಗಡ್ಡೆ! ಸ್ವಂತ ಅಣ್ಣತಮ್ಮ ಅಲ್ಲದಿದ್ದರೂ ಒಂದೇ ಕುಲದ್ದು. ಬಾಯಿ ತುರಿಸದಿರಲು ನಾವು ಹುಳಿ ಹಾಕುತ್ತೇವೆ, ಅವರು ಪುಡಿ ಮಾಡಿ ಸುಣ್ಣ ಸೇರಿಸಿ ಗಟ್ಟಿ ಮಾಡುತ್ತಾರೆ. ಅವತ್ತು ಮನೆಗೆ ತಂದು, ಸಣ್ಣಗೆ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಸಾಸಿವೆ ಕೆಂಪು ಮೆಣಸಿನ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ಗಡ್ಡೆಯ ರುಚಿ ಇಲ್ಲ, ಒಪ್ಪುತ್ತೇನೆ. ಆದರೆ ಒಗ್ಗರಣೆ ಹಿಡಿಯುತ್ತದೆ.

ಕೆಸುವಿನ ಗಡ್ಡೆಗೆ ‘ಸಾತೊಇಮೊ’, ಅಂದರೆ ಊರ ಗಡ್ಡೆ. ಅದರ ಜೊತೆಗಾರ ‘ಯಾಮಾಇಮೊ’, ಬೆಟ್ಟದ ಗಡ್ಡೆ. ನೀನು ಬರುವ ಏಪ್ರಿಲ್‌ನಲ್ಲಿ ಅಂಗಡಿ ತುಂಬ ಕಣಿಲೆ ಇರುತ್ತದೆ. ನಮ್ಮಲ್ಲಿ ಅದು ಮಳೆಗಾಲದ್ದು, ಇಲ್ಲಿ ವಸಂತದ್ದು. ನಾವು ಮೂರು ದಿನ ನೀರು ಬದಲಿಸುತ್ತೇವೆ, ಇವರು ಅಕ್ಕಿ ತೌಡು ಹಾಕಿ ಕುದಿಸುತ್ತಾರೆ. ಜ್ವರ ಬಂದರೆ ಗಂಜಿ, ಜೊತೆಗೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು, ‘ಉಮೆಬೊಶಿ’. ಮೇ 5ರ ಮಕ್ಕಳ ಹಬ್ಬಕ್ಕೆ ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿ. ಅರಶಿನ ಎಲೆಯ ಪರಿಮಳ ಮಾತ್ರ ಹುಡುಕಬೇಡ, ಸಿಗುವುದಿಲ್ಲ. ಇನ್ನೊಂದು ನನಗೆ ತುಂಬ ಇಷ್ಟವಾದ್ದು. ಇಲ್ಲಿ ‘ಕೊಶೋ’ ಅಂದರೆ ಒಳ್ಳೆಮೆಣಸು. ಆದರೆ ದಕ್ಷಿಣದ ಕ್ಯೂಶು ದ್ವೀಪದ ಕಡೆಯ ‘ಯುಜು ಕೊಶೋ’ದಲ್ಲಿ ಒಳ್ಳೆಮೆಣಸೇ ಇಲ್ಲ, ಹಸಿಮೆಣಸು ಮತ್ತು ಯುಜು ಎಂಬ ನಿಂಬೆಯ ಸಿಪ್ಪೆ. ಹೊರಗಿನಿಂದ ಬಂದ ಖಾರಕ್ಕೆ ಹಳೆಯ ಖಾರದ ಹೆಸರನ್ನೇ ಕೊಟ್ಟರು. ನಾವೂ ‘ಮೆಣಸು’ ಎಂಬ ಹೆಸರನ್ನು ಹಾಗೇ ಕೊಟ್ಟೆವಲ್ಲ!

ಕುಡಿಯಲು ಬೇಸಿಗೆಯಲ್ಲಿ ಹುರಿದ ಬಾರ್ಲಿಯ ‘ಮುಗಿಚಾ’ ಸಿಗುತ್ತದೆ. ಕಾಸರಗೋಡಿನ ಹೋಟೆಲಿನಲ್ಲಿ ಕೊಡುವ ಬಣ್ಣದ ಬಿಸಿನೀರು ಕುಡಿದವರಿಗೆ ಅದು ಹೊಸದೆನಿಸುವುದಿಲ್ಲ. ರಸ್ತೆ ಬದಿಯ ಮಿಷನ್ನಿನಲ್ಲಿ ಕೆಂಪು ಪಟ್ಟಿ ಇದ್ದರೆ ಬಿಸಿ, ನೀಲಿ ಇದ್ದರೆ ತಣ್ಣಗೆ. ಆಫೀಸಿನವರ ಜೊತೆ ಪಾರ್ಟಿಗೆ ಹೋದರೆ ಊಲಾಂಗ್ ಚಹಾ ಕೇಳು, ಮದ್ಯ ಕುಡಿ ಅಂತ ಒತ್ತಾಯ ಮಾಡುವವರು ಕಡಿಮೆ. ನಿನ್ನ ಲೋಟಕ್ಕೆ ನೀನೇ ಸುರಿದುಕೊಳ್ಳಬೇಡ. ಪಕ್ಕದವರಿಗೆ ಸುರಿ, ಅವರು ನಿನಗೆ ಸುರಿಯುತ್ತಾರೆ.

ಕಣ್ಣಿಗೆ ಕಾಣುವುದು ಇಲ್ಲಿ ಬಹಳ. ಹೋಟೆಲಿನ ಗಾಜಿನಲ್ಲಿ ಪ್ಲಾಸ್ಟಿಕ್ಕಿನ ಊಟ, ಬಾಗಿಲ ಮೇಲೆ ಹೊರದಾರಿ ತೋರಿಸಲು ಓಡುವ ಮನುಷ್ಯನ ಹಸಿರು ಚಿತ್ರ. ಎಮೋಜಿ ಎಂಬ ಪದವೂ ಇಲ್ಲಿಯದ್ದೇ, ‘ಎ’ ಅಂದರೆ ಚಿತ್ರ, ‘ಮೋಜಿ’ ಅಂದರೆ ಅಕ್ಷರ. ಅವೆಲ್ಲ ತಾನಾಗಿ ಕಾಣುತ್ತವೆ. ನೀನು ಹುಡುಕಿ ಹೋಗಿ ನೋಡಬೇಕಾದ್ದು ಮೂರು. ಮೊದಲನೆಯದು ಬುನ್ರಾಕು, ಇಲ್ಲಿಯ ಗೊಂಬೆಯಾಟ. ಒಸಾಕಾದ ರಾಷ್ಟ್ರೀಯ ಬುನ್ರಾಕು ಥಿಯೇಟರು ತೆರೆದದ್ದು 1984ರಲ್ಲಿ, ನಮ್ಮ ಕಾಸರಗೋಡು ಜಿಲ್ಲೆ ಆದ ವರ್ಷ. ಒಂದು ಗೊಂಬೆಗೆ ಮೂರು ಜನ. ಬದಿಯಲ್ಲಿ ಕೂತ ಒಬ್ಬರೇ ಎಲ್ಲ ಪಾತ್ರಗಳ ಮಾತು ಹೇಳುತ್ತಾರೆ, ಪಕ್ಕದಲ್ಲಿ ಮೂರು ತಂತಿಯ ವಾದ್ಯ. ಭಾಗವತರ ಪದ್ಯ ಕೇಳಿ ಬೆಳೆದವಳು ನೀನು, ಭಾಷೆ ತಿಳಿಯದಿದ್ದರೂ ಕೂತು ನೋಡುತ್ತೀಯ.

ಎರಡನೆಯದು ಕೋಯಾ ಬೆಟ್ಟ. ಒಸಾಕಾದ ನಂಬಾದಿಂದ ರೈಲು ಉಂಟು. 816ರಲ್ಲಿ ಕೂಕಾಯ್ ಎಂಬ ಬೌದ್ಧ ಸನ್ಯಾಸಿ ಮಠ ಕಟ್ಟಲು ಅಪ್ಪಣೆ ಪಡೆದ ಜಾಗ. ಅಲ್ಲಿ ಮಠದಲ್ಲೇ ಉಳಿಯಬಹುದು. ಊಟದಲ್ಲಿ ಮೀನಿಲ್ಲ, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿನಗೆ ಕೇಳಿ ಕೇಳಿ ತಿನ್ನುವ ಕಷ್ಟ ಇಲ್ಲದ ಊಟ. ದೇವದಾರಿನಂಥ ಮರಗಳ ಕೆಳಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಐದು ಕಲ್ಲು ಒಂದರ ಮೇಲೊಂದು ಇಟ್ಟ ಸಮಾಧಿಗಳ ಮೇಲೆ ಬರೆದ ಅಕ್ಷರ ನೋಡು. ಚೀನೀ ಅಲ್ಲ, ಜಪಾನಿಯೂ ಅಲ್ಲ, ನಮ್ಮ ದೇಶದ ಸಿದ್ಧಂ ಲಿಪಿ. ಮೇಲಿನಿಂದ ಕೆಳಗೆ ಖ, ಹ, ರ, ವ, ಅ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಈ ಲಿಪಿ ಕಲಿತ ಸನ್ಯಾಸಿಗಳ ಪ್ರಭಾವದಿಂದಲೇ ಜಪಾನಿ ಅಕ್ಷರಮಾಲೆ ಇವತ್ತು ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ ಎಂದು ಸಾಗುವುದು. ಡಿಕ್ಷನರಿ ತೆರೆದಾಗ ಆ ಕ್ರಮ ನಿನ್ನ ಬೆರಳಿಗೆ ಮೊದಲೇ ಗೊತ್ತಿರುತ್ತದೆ.

ಮೂರನೆಯದು ಬಿವಾ ಸರೋವರದ ನಡುವಿನ ಚಿಕುಬು ದ್ವೀಪ. ದೋಣಿಯಲ್ಲಿ ಹೋಗಬೇಕು. ಅಲ್ಲಿರುವ ಬೆಂಜೈತೆನ್ ಅಂದರೆ ಸರಸ್ವತಿ. ವೀಣೆಯ ಬದಲು ‘ಬಿವಾ’ ಎಂಬ ವಾದ್ಯ ಹಿಡಿದವಳು. ಕುಂಬಳೆಯ ಹತ್ತಿರ ಅನಂತಪುರದಲ್ಲಿ ಕೆರೆಯ ನಡುವಿನ ಗುಡಿಗೆ ಕಾಲುಸಂಕ ದಾಟಿ ಹೋಗಿದ್ದೇವಲ್ಲ, ಅದೇ ನೆನಪಾಯಿತು. ನೀನು ಬಂದ ಮೇಲೆ ಒಟ್ಟಿಗೆ ಹೋಗುವ. ಈ ‘ಹೋಗುವ’ ಆ ‘ನೋಡುವ’ದ ಹಾಗಲ್ಲ, ನಿಜವಾಗಿ ಹೋಗುವ.

ತರುವುದರ ಬಗ್ಗೆ: ಹಸಿ ಹಣ್ಣು, ತರಕಾರಿ, ಎಲೆ ಏನೂ ಬೇಡ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಬೇಳೆ, ಮಸಾಲೆ ಕೋಬೆಯಲ್ಲಿ ಭಾರತೀಯರ ಅಂಗಡಿಗಳಲ್ಲಿ ಸಿಗುತ್ತದೆ. ಉಪ್ಪಿನಕಾಯಿ ತಾ. ತೆಂಗಿನೆಣ್ಣೆಯನ್ನು ಕತ್ತು ಸಪೂರ ಇರುವ ಬಾಟಲಿಯಲ್ಲಿ ತರಬೇಡ. ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲಿ ಅದು ಬೆಣ್ಣೆಯ ಹಾಗೆ ಗಟ್ಟಿ. ಚಮಚ ಇಳಿಯುವಂಥ ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ ತಾ.